ಬೀಯಮ್ಮನ ಬೋಣಿ

ನಮ್ಮ ಮುಂಡಪ್ಪ ಮಾವನ ತಲೆಯ ಮೇಲೆ ಒಂದು ಕಾಲದಲ್ಲಿ ಬಂಟ್ವಾಳದವರೆಲ್ಲ ಕಣ್ಣಿಟ್ಟಿದ್ದರು. ಅದಕ್ಕೆ ಅವರ ಬಾಯಿಯೇ ಕಾರಣ. ಪಿಗ್ಮಿ ದುಡ್ಡು ಎತ್ತಲು ಹೋದ ಮನೆಯಲ್ಲೆಲ್ಲ ಅವರು ಒಂದು ಮಾತು ಬಿಟ್ಟು ಬರುತ್ತಿದ್ದರು: "ಹೋದರೆ ನನ್ನ ತಲೆ ಹೋದೀತು, ನಿಮ್ಮ ನಾಲ್ಕಾಣೆ ಹೋಗುವುದಿಲ್ಲ." ನಾಲ್ಕಾಣೆ ಹೋಯಿತು. ತಲೆ ಹೋಗಲಿಲ್ಲ. ಆ ತಲೆಯನ್ನು ಹೊತ್ತುಕೊಂಡು ಅವರು ಮತ್ತೆ ಅದೇ ರಸ್ತೆಯಲ್ಲಿ ಹೇಗೆ ತಿರುಗಿದರು ಎಂಬುದನ್ನು ನಾನು ಕಣ್ಣಾರೆ ಕಂಡವಳು.

ನಾನು ಶಶಿಪ್ರಭಾ, ಅವರ ಅಕ್ಕನ ಮಗಳು. ಅಪ್ಪ ತೀರಿಹೋದ ಮೇಲೆ ಅಮ್ಮ ನನ್ನನ್ನು ಕಟ್ಟಿಕೊಂಡು ತಮ್ಮನ ಮನೆಗೆ ಬಂದಳು. ಮಾವನಿಗೂ ರಾಜೀವಿ ಅತ್ತೆಗೂ ಮಕ್ಕಳಿರಲಿಲ್ಲ. ಹಾಗಾಗಿ ಬಿ.ಸಿ. ರೋಡಿನ ಹತ್ತಿರದ ಆ ಮನೆಯಲ್ಲಿ ಮುದ್ದೂ ನನಗೇ, ಬೈಗುಳವೂ ನನಗೇ. ಮಾವನೇ ನನ್ನನ್ನು ಓದಿಸಿ ಟೀಚರ್ ಟ್ರೈನಿಂಗಿಗೆ ಕಳಿಸಿದರು. ಸಾವಿರದ ಒಂಬೈನೂರ ಅರುವತ್ತರಲ್ಲಿ ಪಾಣೆಮಂಗಳೂರಿನ ಶಾಲೆಯಲ್ಲಿ ಕೆಲಸ ಸಿಕ್ಕಿದ ಮೇಲೆ ದಿನಾ ಬೆಳಿಗ್ಗೆ ನಾವಿಬ್ಬರೂ ಒಂದೇ ರಸ್ತೆಯಲ್ಲಿ ನಡೆದು ಹೋಗುವುದು ರೂಢಿಯಾಯಿತು.

ಮಾವ ಲೋಕಹಿತ ಬ್ಯಾಂಕಿನ ಪಿಗ್ಮಿ ಕಲೆಕ್ಟರು. ಬಂಟ್ವಾಳ ಪೇಟೆಯಲ್ಲಿ ಒಂದು ಜವಳಿ ಅಂಗಡಿಯ ಮೇಲೆ ಆ ಬ್ಯಾಂಕು ಇದ್ದುದರಿಂದ ಊರವರು ಅದನ್ನು ಮಾಳಿಗೆ ಬ್ಯಾಂಕು ಎನ್ನುತ್ತಿದ್ದರು. ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುವ ಬಡವರ ಮನೆ ಬಾಗಿಲಿಗೆ ಬ್ಯಾಂಕೇ ಹೋಗುವುದು ಪಿಗ್ಮಿಯ ಕ್ರಮ. ದಿನಕ್ಕೆ ಎರಡಾಣೆಯೋ ನಾಲ್ಕಾಣೆಯೋ ಕೊಟ್ಟರೆ ಕಾರ್ಡಿನಲ್ಲಿ ಬರೆದುಕೊಡುತ್ತಾರೆ. ಕೆಲವು ವರ್ಷ ಕಳೆದ ಮೇಲೆ ಬಡ್ಡಿ ಸೇರಿಸಿ ಗಂಟು ಕೈಗೆ ಕೊಡುತ್ತಾರೆ. ನಯಾಪೈಸೆ ಬಂದು ಮೂರು ನಾಲ್ಕು ವರ್ಷ ಆಗಿದ್ದರೂ ನಮ್ಮ ಊರಿನ ಬಾಯಿಯಲ್ಲಿ ಇನ್ನೂ ಆಣೆಯೇ. ಮಾವನಿಗೆ ಸಂಬಳ ಇಲ್ಲ, ಎತ್ತಿದ ದುಡ್ಡಿನ ಮೇಲೆ ಕಮಿಷನ್ ಮಾತ್ರ. ಆದರೆ ಜಂಬಕ್ಕೆ ಏನೂ ಕಡಿಮೆ ಇರಲಿಲ್ಲ. ಅತ್ತೆ ನೀಲಿ ಹಾಕಿ ಒಗೆದ ಬಿಳಿ ಅಂಗಿ, ಕಂಕುಳಲ್ಲಿ ಕೊಡೆ, ಹೆಗಲಲ್ಲಿ ಬ್ಯಾಂಕಿನ ಹೆಸರು ಬರೆದ ಖಾಕಿ ಚೀಲ. ಯಾರಾದರೂ "ಬ್ಯಾಂಕಿನವರು ಬಂದರು" ಎಂದರೆ ಸಾಕು, ನಡಿಗೆಯೇ ಬದಲಾಗುತ್ತಿತ್ತು. "ಹನಿ ಹನಿ ಕೂಡಿದರೆ ಹಳ್ಳ" ಎಂದು ಶುರು ಮಾಡಿ ಕೊನೆಗೆ ತಲೆಯ ಮಾತಿಗೆ ಬಂದು ನಿಲ್ಲಿಸುತ್ತಿದ್ದರು.

ಅವರ ದಿನ ಶುರುವಾಗುವುದು ಬೀಯಮ್ಮನ ಮನೆಯಿಂದ. ಸೇತುವೆಗೆ ಸ್ವಲ್ಪ ಈಚೆ, ರಸ್ತೆಗೆ ತಾಗಿಕೊಂಡು ಮುಳಿಹುಲ್ಲಿನ ಸಣ್ಣ ಮನೆ. ಗಂಡ ಇಲ್ಲ. ಮಗ ಸುಲೈಮಾನ್ ಮಂಗಳೂರಿನ ಬಂದರಿನಲ್ಲಿ ಮೂಟೆ ಹೊರುತ್ತಿದ್ದ. ಬೀಯಮ್ಮ ಜಗಲಿಯಲ್ಲಿ ಮೊರದಂಥ ಗೆರಸೆ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಮನೆಯಲ್ಲಿ ಅವಳದ್ದು ಬ್ಯಾರಿ ಭಾಷೆ, ನಮ್ಮ ಹತ್ತಿರ ತುಳು. ಅವಳ ಕೈಗುಣ ಒಳ್ಳೆಯದು ಎಂದು ಮಾವನಿಗೆ ಅದು ಯಾವಾಗಲೋ ನಂಬಿಕೆ ಹುಟ್ಟಿತ್ತು. ಅವಳ ನಾಲ್ಕಾಣೆ ಮೊದಲು ಚೀಲಕ್ಕೆ ಬಿದ್ದ ದಿನ ಸಂಜೆಗೆ ಚೀಲ ಭಾರವಾಗುತ್ತದಂತೆ. ಅವಳು ಮೀನು ತರಲು ಹೋಗಿದ್ದರೆ ಮಾವ ರಸ್ತೆ ಬದಿಯಲ್ಲಿ ಕಾದು ನಿಲ್ಲುತ್ತಿದ್ದರೇ ಹೊರತು ಇನ್ನೊಬ್ಬರ ಮನೆಗೆ ಮೊದಲು ಹೋಗುತ್ತಿರಲಿಲ್ಲ. ದುಡ್ಡು ಕೈಗೆ ಬಂದೊಡನೆ ಎರಡೂ ಕಣ್ಣಿಗೆ ಒತ್ತಿಕೊಂಡು ಚೀಲಕ್ಕೆ ಹಾಕುವರು.

"ಬ್ಯಾಂಕು ನಡೆಯುವುದು ನಿಮ್ಮ ಬೋಣಿಯಲ್ಲಿ ಬೀಯಮ್ಮ" ಎಂದು ಮಾವ ಹೇಳಿದರೆ ಅವಳು, "ಹಾಗಾದರೆ ಏಜೆಂಟರ ಕುರ್ಚಿಯಲ್ಲಿ ನನ್ನನ್ನೇ ಕೂರಿಸಿ ಮುಂಡಪ್ಪಣ್ಣ" ಎಂದು ನಗುವಳು. ಆಗ ಬ್ಯಾಂಕಿನ ಮ್ಯಾನೇಜರಿಗೆ ಏಜೆಂಟ್ ಎನ್ನುತ್ತಿದ್ದರು.

ಅವಳು ಕೂಡಿಸುತ್ತಿದ್ದದ್ದು ಮನೆಯ ಮಾಡಿನ ಹುಲ್ಲು ತೆಗೆಸಿ ಹಂಚು ಹಾಕಿಸಲು. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಹುಲ್ಲು ತರಿಸಬೇಕು, ಹೊದಿಸುವವರ ಕಾಲು ಹಿಡಿಯಬೇಕು. ಆಟಿ ತಿಂಗಳ ಜಡಿಮಳೆಯಲ್ಲಿ ಹೇಗೂ ಸೋರುತ್ತದೆ. ಬೀಡಿ ಎಲೆ ಒದ್ದೆಯಾದರೆ, ಕಟ್ಟಿದ್ದನ್ನು ಒಪ್ಪಿಸುವ ಬೀಡಿ ಬ್ರಾಂಚಿನಲ್ಲಿ ಕಟ್ಟು ತಿರುಗಿಸಿ ಎಸೆಯುತ್ತಾರೆ, ಆ ದಿನದ ದುಡಿಮೆ ಮಣ್ಣುಪಾಲು. ಅರುವತ್ತೊಂದರ ಬೇಸಿಗೆಗೆ ಅವಳ ಪಿಗ್ಮಿ ಮುಗಿಯುವುದಿತ್ತು. ಹಂಚು ಕೂರಿಸುವ ಪಕ್ಕಾಸು ರೀಪಿಗೆ ಮರ ಕೂಡ ಹೇಳಿ ಇಟ್ಟಿದ್ದಳು.

ಅದಕ್ಕೆ ಮೊದಲಿನ ಮಳೆಗಾಲದಲ್ಲಿ ಕೇರಳದ ಒಂದು ಬ್ಯಾಂಕು ಬಾಗಿಲು ಹಾಕಿತು. ಪೇಪರು ಓದುವವರು ಓದಿದರು, ನಮಗೇನು ಎಂದರು. ಆಮೇಲೆ ಒಂದೊಂದೇ ಸಣ್ಣ ಬ್ಯಾಂಕಿನ ಹೆಸರು ಕಿವಿಗೆ ಬೀಳತೊಡಗಿತು. ದೊಡ್ಡ ಖಾತೆಯವರು ಸದ್ದಿಲ್ಲದೆ ದುಡ್ಡು ತೆಗೆದರು. ಅವರಿಗೆ ಸುದ್ದಿ ಮೊದಲು ಮುಟ್ಟುತ್ತದೆ. ಸುದ್ದಿಗೂ ಒಂದು ಅಂತಸ್ತು ಉಂಟಲ್ಲ. ನಮ್ಮ ಮಾಳಿಗೆ ಬ್ಯಾಂಕಿನ ದುಡ್ಡು ಹೋದದ್ದು ಎಲ್ಲಿಗೆ ಎಂದು ಕೇಳಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ನಿರ್ದೇಶಕರಲ್ಲಿ ಒಬ್ಬರು ತಮ್ಮ ಅಳಿಯನ ಹಂಚಿನ ಕಾರ್ಖಾನೆಗೆ ಸಾಲ ಕೊಡಿಸಿದ್ದರು. ಕಾರ್ಖಾನೆ ನಷ್ಟದಲ್ಲಿ ಮುಳುಗಿತು, ಸಾಲ ವಾಪಸು ಬರಲಿಲ್ಲ. ಆಗ ಅದನ್ನೆಲ್ಲ ಕೇಳುವವರು ಯಾರು?

ಅರುವತ್ತೊಂದರ ಮಾರ್ಚಿಯಲ್ಲಿ ಒಂದು ಸಂಜೆ ಮಾವ ಬ್ಯಾಂಕಿನಿಂದ ಬಂದವರೇ ನನ್ನ ಕೈಯಲ್ಲಿ ದುಡ್ಡು ಇಟ್ಟರು. ನನ್ನ ಮೊದಲ ಸಂಬಳಗಳಿಂದ ಅದೇ ಬ್ಯಾಂಕಿನಲ್ಲಿ ಉಳಿಸಿದ್ದು. "ನಾಡಿದ್ದು ಮಂಗಳೂರಿಗೆ ಹೋಗಿ ವಾಚು ತೆಗೆದುಕೋ ಮಗಾ. ಟೀಚರಿಗೆ ವಾಚು ಇಲ್ಲದಿದ್ದರೆ ಹೇಗೆ?" ಎಂದರು. ವಾಚು ಬೇಕೆಂದು ನಾನು ತಿಂಗಳುಗಟ್ಟಲೆ ಪೀಡಿಸಿದಾಗ "ಕೋಳಿ ಕೂಗಿದರೆ ಸಾಲದಾ ನಿನಗೆ" ಎಂದು ಗದರಿಸಿದವರು ಅವರೇ. ಖುಷಿಯಲ್ಲಿ ನಾನು ಬೇರೇನೂ ಯೋಚಿಸಲಿಲ್ಲ.

ಆ ಸಂಜೆ ಮಾಳಿಗೆಯಲ್ಲಿ ನಡೆದದ್ದು ನನಗೆ ತಿಳಿದದ್ದು ಮರುವರ್ಷ. ಆದರೆ ಮುಚ್ಚಿಟ್ಟು ರುಚಿ ಹೆಚ್ಚಿಸುವುದು ನನ್ನ ಜಾಯಮಾನವಲ್ಲ, ಈಗಲೇ ಹೇಳಿಬಿಡುತ್ತೇನೆ. ಏಜೆಂಟ್ ರಮಾನಾಥರಾಯರು ಮಾವನನ್ನು ಒಳಗೆ ಕರೆದು ಬಾಗಿಲು ಹಾಕಿದರಂತೆ. ನಾಳೆಯೋ ನಾಡಿದ್ದೋ ಸರಕಾರದಿಂದ ತಡೆ ಬರುತ್ತದೆ, ಆಮೇಲೆ ಒಂದು ಬಿಡಿಕಾಸೂ ಹೊರಗೆ ಹೋಗುವುದಿಲ್ಲ, ನಿಮ್ಮದೇನಾದರೂ ಇದ್ದರೆ ಈಗಲೇ ತೆಗೆದುಕೊಳ್ಳಿ ಎಂದರಂತೆ. ಮಾವ ನನ್ನದನ್ನು ತೆಗೆದರು. ಹೊರಡುವಾಗ ರಾಯರು ಇನ್ನೊಂದು ಮಾತು ಹೇಳಿದರು: "ನಾಳೆ ಬೆಳಿಗ್ಗೆ ಯಾವತ್ತಿನ ಹಾಗೆ ಲೈನಿಗೆ ಹೋಗಿ ಮುಂಡಪ್ಪ. ನೀವು ಒಂದು ದಿನ ತಪ್ಪಿದರೆ ಊರಿಡೀ ಇಲ್ಲಿ ಬಂದು ಮುತ್ತುತ್ತದೆ. ಜನ ಹೆದರದಿದ್ದರೆ ಬ್ಯಾಂಕು ಉಳಿದರೂ ಉಳಿದೀತು."

ಉಳಿದರೂ ಉಳಿದೀತು. ಆ ಒಂದು ಮಾತಿನ ಬಾಲ ಹಿಡಿದುಕೊಂಡು ಮಾವ ಮರುದಿನ ಬೆಳಿಗ್ಗೆ ಹೊರಟರು. ನಾನು ದಾರಿಯುದ್ದಕ್ಕೂ ವಾಚಿನ ಪಟ್ಟಿ ಚರ್ಮದ್ದೋ ಚೈನಿನದ್ದೋ ಎಂದು ಹರಟುತ್ತಿದ್ದೆ. ಅವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಬೀಯಮ್ಮ ಜಗಲಿಯಲ್ಲೇ ಇದ್ದಳು. ಆ ದಿನ ಅವಳೂ ಏಕೋ ನಗಲಿಲ್ಲ. ಸೊಂಟದ ಚೀಲ ಬಿಚ್ಚಿ ನಾಲ್ಕಾಣೆ ಕೊಟ್ಟಳು. ಮಾವ ಕಾರ್ಡು ಬರೆದರು. ತಲೆಯ ಮಾತು ಹೇಳಲಿಲ್ಲ. ದುಡ್ಡನ್ನು ಕಣ್ಣಿಗೆ ಒತ್ತಿಕೊಳ್ಳದೆ ನೇರ ಚೀಲಕ್ಕೆ ಹಾಕಿ ಸೇತುವೆಯ ಕಡೆಗೆ ನಡೆದೇಬಿಟ್ಟರು.

ಹತ್ತು ಗಂಟೆಗೆ ಮಾಳಿಗೆಯ ಬಾಗಿಲಲ್ಲಿ ನೋಟೀಸು. ಮಧ್ಯಾಹ್ನದ ಹೊತ್ತಿಗೆ ಜವಳಿ ಅಂಗಡಿಯ ಮುಂದೆ ಕಾಲಿಡಲು ಜಾಗ ಇರಲಿಲ್ಲ. ಮೀನಿನ ಬುಟ್ಟಿಯವರು, ಬೀಡಿಯವರು, ಹೋಟೆಲಿನಲ್ಲಿ ಲೋಟ ತೊಳೆಯುವವರು, ಎಲ್ಲರ ಕೈಯಲ್ಲೂ ಮಾವನ ಅಕ್ಷರ ಇರುವ ಕಾರ್ಡು. ರಮಾನಾಥರಾಯರು ಹಿಂದಿನ ಬಾಗಿಲಿನಿಂದ ಹೊರಟವರು ಉಡುಪಿಯ ನೆಂಟರ ಮನೆ ಸೇರಿದರು. ನಿರ್ದೇಶಕರ ಮುಖವನ್ನು ಈ ಜನ ಕಂಡದ್ದೇ ಇಲ್ಲ. ಅವರು ಕಂಡ ಬ್ಯಾಂಕು ಎಂದರೆ ನಮ್ಮ ಮಾವ. ಸಂಜೆ ಮನೆಯ ಅಂಗಳದಲ್ಲಿ ಜನ ತುಂಬಿದರು. ಬೈದರು, ಅತ್ತರು. ಮಾವ ಜಗಲಿಯ ಕಂಬಕ್ಕೆ ಒರಗಿ ನೆಲ ನೋಡುತ್ತ ನಿಂತೇ ಇದ್ದರು. ಒಬ್ಬ ಕೂಗಿದ: "ತಲೆ ಇನ್ನೂ ಉಂಟಲ್ಲ ಮುಂಡಪ್ಪಣ್ಣ!" ಯಾರೋ ನಕ್ಕರು. ಆ ನಗು ಕೇಳಿ ನನ್ನ ಮೈ ಉರಿದುಹೋಯಿತು, ಪೊರಕೆ ಹಿಡಿದು ಹೊರಗೆ ಬಂದವಳನ್ನು ಅತ್ತೆ ಜಡೆ ಹಿಡಿದು ಒಳಗೆ ಎಳೆದರು.

ಬೀಯಮ್ಮ ಬರಲಿಲ್ಲ. ಅವಳು ಬಂದು ನಾಲ್ಕು ಬೈದು ಹೋಗಿದ್ದರೆ ಮಾವ ಸ್ವಲ್ಪ ಹಗುರಾಗುತ್ತಿದ್ದರೋ ಏನೋ. ಬರುವುದಿರಲಿ, ಬೀಡಿ ಬ್ರಾಂಚಿನಲ್ಲಿ ಹೆಂಗಸರು ಮಾವನ ಜನ್ಮ ಜಾಲಾಡುತ್ತಿದ್ದಾಗ ಅವಳು, "ಅವರಿಗೆ ಗೊತ್ತಿದ್ದರೆ ಹೇಳದೆ ಇರುತ್ತಿದ್ದರಾ? ಅವರೂ ನಮ್ಮ ಹಾಗೆ ಬಿದ್ದವರು" ಎಂದಳಂತೆ. ನಾನು ಇದನ್ನು ದೊಡ್ಡ ಸಮಾಧಾನದ ಸುದ್ದಿ ಎಂದುಕೊಂಡು ಮನೆಗೆ ತಂದೆ. ಮಾವ ಊಟಕ್ಕೆ ಕೂತಿದ್ದವರು ಗಂಜಿ ಬಟ್ಟಲು ಸರಿಸಿ ಎದ್ದುಹೋದರು.

ಆ ವರ್ಷ ಬೀಯಮ್ಮನ ಮಾಡಿಗೆ ಮತ್ತೆ ಹುಲ್ಲೇ ಬಿತ್ತು. ಮಾವ ಅದನ್ನು ನೋಡಲು ಊರಲ್ಲಿ ಇರಲಿಲ್ಲ. ಬೆಳ್ತಂಗಡಿಯಲ್ಲಿ ತುಕ್ರಪ್ಪ ಎಂಬವರ ಜೀನಸು ಅಂಗಡಿಯಲ್ಲಿ ಅಕ್ಕಿ ತೂಗುವ ಕೆಲಸಕ್ಕೆ ಸೇರಿದರು. ಅಲ್ಲಿ ಅವರ ತಲೆಯ ಕಥೆ ಯಾರಿಗೂ ಗೊತ್ತಿರಲಿಲ್ಲ. ಮನೆಗೆ ಬರುವುದು ಅಪರೂಪವಾಯಿತು. ಬಂದರೂ ಕತ್ತಲಾಗುವ ಹೊತ್ತಿಗೆ ಬಸ್ಸಿಳಿದು ಗದ್ದೆಯ ಬದುವಿನಲ್ಲಿ ಬರುತ್ತಿದ್ದರು. ಬ್ಯಾಂಕಿನ ಚೀಲವನ್ನು ಅತ್ತೆ ಒಗೆದು ಅಟ್ಟಕ್ಕೆ ಹಾಕಿದರು.

ಸರಕಾರಕ್ಕೂ ಆಗ ಎಚ್ಚರವಾಯಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಹಾಗೆ. ಬಿದ್ದ ಸಣ್ಣ ಬ್ಯಾಂಕುಗಳನ್ನು ದೊಡ್ಡವುಗಳೊಳಗೆ ಸೇರಿಸಿದರು. ನಮ್ಮ ಲೋಕಹಿತವನ್ನು ಸೇರಿಸಿಕೊಂಡ ಬ್ಯಾಂಕು ರೂಪಾಯಿಗೆ ಆರಾಣೆಯಂತೆ ಲೆಕ್ಕ ಹಾಕಿ ಎಲ್ಲರ ಹೆಸರಿಗೆ ಜಮಾ ಮಾಡಿತು. ಉಳಿದದ್ದು ಹಳೇ ಸಾಲ ವಸೂಲಾದ ಹಾಗೆ ಎಂದಿತು. ಅರುವತ್ತೆರಡರ ಜನವರಿಯಿಂದ ಠೇವಣಿಗೆ ವಿಮೆಯೂ ಬಂತು. ಬ್ಯಾಂಕು ಮುಳುಗಿದರೂ ಒಬ್ಬೊಬ್ಬರಿಗೆ ಸಾವಿರದ ಐನೂರು ರೂಪಾಯಿವರೆಗೆ ಸರಕಾರದ ವಿಮಾ ಸಂಸ್ಥೆಯೇ ಕೊಡುತ್ತದೆ ಎಂದು ಕಾನೂನು. ಬೀಡಿ ಕಟ್ಟುವವರಲ್ಲಿ ಸಾವಿರದ ಐನೂರು ಕಂಡವರು ಯಾರು? ಅಂದರೆ ಅವರ ದುಡ್ಡೆಲ್ಲ ಪೂರ್ತಿ ಭದ್ರ. ಹತ್ತು ತಿಂಗಳು ಮೊದಲು ಬರಬಾರದಿತ್ತಾ ಎಂದು ನಾನು ಪೇಪರು ಹಿಡಿದುಕೊಂಡು ಸಿಟ್ಟಿನಿಂದ ಅತ್ತಿದ್ದೇನೆ.

ಹೊಸ ಬ್ಯಾಂಕಿಗೆ ಮನೆಮನೆ ಗೊತ್ತಿರುವ ಜನ ಬೇಕಿತ್ತು. ಹಾಗೆ ಮಾವನಿಗೆ ಕರೆ ಬಂತು. ಅವರು ಹೋಗಲೊಲ್ಲರು.

"ಯಾವ ಮುಖ ಹೊತ್ತು ಹೋಗಲಿ ರಾಜೀವೀ?"

"ಇರುವ ಮುಖವನ್ನೇ ಹೊತ್ತು ಹೋಗಿ. ಬೆಳ್ತಂಗಡಿಯಲ್ಲಿ ಅಕ್ಕಿ ತೂಗಿದರೆ ಅದು ಬದಲಾಗ್ತದಾ?" ಎಂದರು ಅತ್ತೆ.

ಮೂಡಬಿದ್ರೆಯ ಶಾಖೆಯಲ್ಲಿ ಕಲೆಕ್ಟರುಗಳ ಸಭೆ ಕರೆದಿದ್ದರು. ಆ ದಿನ ಶಾಲೆಗೆ ರಜೆ ಇದ್ದುದರಿಂದ ಅತ್ತೆ ನನ್ನನ್ನು ಜೊತೆಗೆ ಕಳಿಸಿದರು; ಮಾವ ಅರ್ಧ ದಾರಿಯಲ್ಲಿ ಇಳಿದು ವಾಪಸು ಬಂದಾರೆಂದು ಅವರಿಗೆ ಅನುಮಾನ. ನಾನು ಹಿಂದಿನ ಬೆಂಚಿನಲ್ಲಿ ಕೂತೆ. ಆಫೀಸರು ಚೆನ್ನಾಗಿ ವಿವರಿಸಿದರು. ಇನ್ನು ಮೇಲೆ ಬ್ಯಾಂಕಿನ ಲೆಕ್ಕವನ್ನು ಮೇಲಿನವರು ಬಂದು ತಪಾಸಣೆ ಮಾಡುತ್ತಾರೆ, ನಿರ್ದೇಶಕರು ತಮ್ಮ ಮನೆಯವರಿಗೆ ಬೇಕಾದ ಹಾಗೆ ಸಾಲ ಕೊಡಲಿಕ್ಕಿಲ್ಲ, ಠೇವಣಿಗೆ ವಿಮೆ ಉಂಟು. ಇದನ್ನೆಲ್ಲ ಅಚ್ಚು ಹಾಕಿಸಿದ ಕಾಗದ ಹಂಚಿದರು. "ನೀವು ಜನರಿಗೆ ಧೈರ್ಯವಾಗಿ ಹೇಳಬಹುದು, ನಿಮ್ಮ ದುಡ್ಡು ಹೋಗುವುದಿಲ್ಲ ಅಂತ" ಎಂದರು.

ಮಾವ ಎದ್ದು ನಿಂತರು. "ಇದು ಹಿಂದೆ ಹೋದದ್ದಕ್ಕೂ ಉಂಟಾ ಸ್ವಾಮೀ?"

"ಇಲ್ಲ. ಜನವರಿಯಿಂದ ಈಚೆಗೆ ಮಾತ್ರ."

ಮಾವ ಕಾಗದ ಮಡಚಿ ಕಿಸೆಗೆ ಹಾಕಿ ಕೂತರು.

ಮರುವಾರ ಅಟ್ಟದಿಂದ ಚೀಲ ಇಳಿಯಿತು. ಹಳೇ ಬ್ಯಾಂಕಿನ ಹೆಸರಿನ ಮೇಲೆ ಅತ್ತೆ ಒಂದು ತುಂಡು ಬಟ್ಟೆ ಹೊಲಿದರು. ಮಾವ ಲೈನಿಗೆ ಹೊರಟರು, ನಾನು ಶಾಲೆಗೆ. ವಿಚಿತ್ರ ನೋಡಿ. ಸುಳ್ಳಾಗಲಿದ್ದ ಮಾತನ್ನು ವರ್ಷಗಟ್ಟಲೆ ಎದೆ ತಟ್ಟಿ ಹೇಳಿದ ಮನುಷ್ಯನಿಗೆ, ಈಗ ಕಾನೂನೇ ಬೆನ್ನಿಗೆ ನಿಂತು ಮಾತು ನಿಜವಾಗಿರುವಾಗ, ಬಾಯಿ ಬಾರದು. ಮನೆಯ ಮುಂದೆ ನಿಂತು ಕಾಗದ ಚಾಚುವರು. "ಏನಿದು?" ಎಂದರೆ "ಓದಿ ನೋಡಿ" ಎನ್ನುವರು. ಓದು ಬಾರದವರಿಗೆ ನಾನೇ ಓದಿ ಹೇಳಬೇಕು. ಕೆಲವರು ಬಾಗಿಲು ಹಾಕಿದರು. ಕೆಲವರು, "ಈ ಸಲ ಯಾರ ತಲೆ ಮುಂಡಪ್ಪಣ್ಣ, ಸರಕಾರದ್ದಾ?" ಎಂದು ಕೇಳಿ ಎರಡಾಣೆ ಕೊಟ್ಟರು. ಮಾವನ ಕಿವಿಯ ತುದಿ ಕೆಂಪಾಗುತ್ತಿತ್ತು, ಆದರೂ ಕಾರ್ಡು ಬರೆದುಕೊಡುತ್ತಿದ್ದರು.

ಬೀಯಮ್ಮನ ಮನೆ ಮಾತ್ರ ಬಿಟ್ಟುಬಿಡುತ್ತಿದ್ದರು. ಆ ಮನೆ ಹತ್ತಿರವಾದೊಡನೆ ರಸ್ತೆಯ ಇನ್ನೊಂದು ಬದಿಗೆ ಸರಿದು, ಬಿಸಿಲಿರಲಿ ಇಲ್ಲದಿರಲಿ ಕೊಡೆ ಬಿಚ್ಚಿ ಆ ಕಡೆಗೆ ಅಡ್ಡ ಹಿಡಿಯುವರು. ಎರಡು ಮೂರು ದಿನ ಸುಮ್ಮನಿದ್ದೆ. ಒಂದು ಬೆಳಿಗ್ಗೆ ತಡೆಯಲಾಗಲಿಲ್ಲ.

"ಇದೆಂಥ ನಾಟಕ ಮಾವ? ಇಡೀ ಊರಲ್ಲಿ ನಿಮ್ಮ ಪರ ಮಾತಾಡಿದವಳು ಅವಳೊಬ್ಬಳು. ಅವಳಿಗೇ ಕೊಡೆ ಅಡ್ಡವಾ?"

ಮಾವ ಅಲ್ಲೇ ರಸ್ತೆ ಬದಿಯ ಮೈಲುಗಲ್ಲಿನ ಮೇಲೆ ಕೂತುಬಿಟ್ಟರು. ಆಗ ಹೇಳಿದರು, ಮಾಳಿಗೆಯಲ್ಲಿ ಆ ಸಂಜೆ ಆದದ್ದನ್ನೆಲ್ಲ. ನನ್ನ ದುಡ್ಡಿನ ವಿಷಯವನ್ನೂ ಹೇಳಿದರು. ಕೈಯಲ್ಲಿ ವಾಚು ಟಿಕ್ ಟಿಕ್ ಎನ್ನುತ್ತಿತ್ತು. ಒಂದು ವರ್ಷದಿಂದ ಅದನ್ನು ಕಟ್ಟಿಕೊಂಡು, ಮಕ್ಕಳ ಮುಂದೆ ಆಗಾಗ ಮುಂಗೈ ಎತ್ತಿ ಗಂಟೆ ನೋಡಿ ಮೆರೆದವಳು ನಾನು. ನನಗೆ ಮಾವನ ಮೇಲೆ ಸಿಟ್ಟು ಬಂತು, ಅಯ್ಯೋ ಎನಿಸಿತು, ಅವರಿಗಿಂತ ಹೆಚ್ಚು ನನಗೇ ನಾಚಿಕೆಯಾಯಿತು. ನನಗೆ ಹೊಳೆದದ್ದು ಒಂದೇ ಮಾತು.

"ಅವಳಿಗೆ ಹೇಳಿ ಮಾವ. ಇಲ್ಲದಿದ್ದರೆ ಈ ರಸ್ತೆಯಲ್ಲಿ ನಿಮಗೆ ನಡೆಯಲಿಕ್ಕಾಗುವುದಿಲ್ಲ."

"ಹೇಳಿದ ಮೇಲೆ ನಡೆಯಲಿಕ್ಕಾಗ್ತದಾ?" ಎಂದು ಕೇಳಿದರು.

ಇಬ್ಬರೂ ಹೋದೆವು. ಬೀಯಮ್ಮ ಗೆರಸೆ ಪಕ್ಕಕ್ಕಿಟ್ಟು ಎದ್ದೇ ನಿಂತಳು. "ಬನ್ನಿ ಮುಂಡಪ್ಪಣ್ಣ. ಎಷ್ಟು ದಿನದಿಂದ ನೋಡ್ತಾ ಇದ್ದೇನೆ, ಕೊಡೆ ಹಿಡ್ಕೊಂಡು ಆ ಬದಿಯಲ್ಲೇ ಹೋಗ್ತೀರಿ. ನನ್ನ ಕೈಗುಣ ಕೆಟ್ಟಿತು ಅಂತ ಬಿಟ್ಟಿರಾ ಅಂತ ಗ್ರಹಿಸಿದೆ." ಮಣೆ ಹಾಕಿದಳು, ನನಗೂ ಹಾಕಿದಳು. ಮೇಲೆ ಹುಲ್ಲು ಕಪ್ಪಾಗಿ ಒಂದು ಕಡೆ ಜಗ್ಗಿತ್ತು.

ಮಾವ ಕೂರಲಿಲ್ಲ. ಕಾಗದ ತೆಗೆದು ಚಾಚಿದರು. ಅವಳು ಅದಕ್ಕೆ ಕೈಯೊಡ್ಡಲಿಲ್ಲ. ಅವಳೇ ಮಾತಾಡಿದಳು.

"ನಿಮಗೆ ನಾಚಿಕೆ ಅಂತ ನನಗೆ ಗೊತ್ತುಂಟು. ನಿಮ್ಮ ಹತ್ತಿರ ನಾನೂ ಒಂದು ಮಾತು ಹೇಳಲಿಕ್ಕುಂಟು, ವರ್ಷದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೇನೆ. ಕಡೇ ದಿನ ನೀವು ಬಂದಿರಲ್ಲ, ಆಗ ನನಗೆ ವಿಷಯ ಗೊತ್ತಿತ್ತು."

ಮಾವ ತಲೆ ಎತ್ತಿದರು.

"ಹಿಂದಿನ ದಿನ ಸಂಜೆ ಸುಲೈಮಾನ್ ಮಂಗಳೂರಿನಿಂದ ಬಂದು ಹೇಳಿದ. ನಿಮ್ಮ ಬ್ಯಾಂಕಿನ ಅಲ್ಲಿಯ ಆಫೀಸಿನ ಮುಂದೆ ಜನ ಸೇರಿದ್ದಾರೆ, ಬೆಳಿಗ್ಗೆಯೇ ಹೋಗಿ ನಿನ್ನ ದುಡ್ಡು ತೆಗಿ ಉಮ್ಮಾ ಅಂತ. ಹೊರಡುವ ಅಂತ ಇದ್ದೆ, ಅಷ್ಟರಲ್ಲಿ ನೀವು ಬಂದಿರಿ. ಬೋಣಿಯ ಹೊತ್ತು. ಇಲ್ಲ ಅಂತ ಹೇಗೆ ಹೇಳುವುದು? ಹೇಳುವ ಅಂತ ಬಾಯಿವರೆಗೆ ಬಂದಿತ್ತು, ನಿಮ್ಮ ಬ್ಯಾಂಕು ಮುಳುಗಿತು ಮುಂಡಪ್ಪಣ್ಣ ಅಂತ. ಪಾಪ, ಇವರಿಗೇನೂ ಗೊತ್ತಿಲ್ಲ, ಬೆಳಿಗ್ಗೆ ಬೆಳಿಗ್ಗೆ ಇವರ ಅನ್ನಕ್ಕೆ ನಾನು ಯಾಕೆ ಮಣ್ಣು ಹಾಕಲಿ, ಇವತ್ತೊಂದು ದಿನ ನೆಮ್ಮದಿಯಲ್ಲಿ ತಿರುಗಲಿ ಅಂತ ಕೊಟ್ಟೆ. ನೀವು ಹೋದ ಮೇಲೆ ಪೇಟೆಗೆ ಹೋದೆ. ಬಾಗಿಲು ಹಾಕಿತ್ತು. ನಿಮಗೆ ಮೊದಲೇ ಹೇಳಿದ್ದರೆ ನೀವಾದರೂ ಆ ದಿನ ನಾಲ್ಕು ಜನರ ದುಡ್ಡು ಎತ್ತದೆ ಮರ್ಯಾದೆ ಉಳಿಸಿಕೊಳ್ಳುತ್ತಿದ್ದಿರಿ. ಅದು ನನ್ನ ತಪ್ಪು."

ನಾನು ಮಾವನ ಮುಖ ನೋಡಲಾರದೆ ನೆಲ ನೋಡಿದೆ.

"ನನಗೆ ಗೊತ್ತಿತ್ತು ಬೀಯಮ್ಮ."

"ಏನು?"

"ಹಿಂದಿನ ಸಂಜೆಯೇ ಏಜೆಂಟರು ಹೇಳಿದ್ದರು. ಶಶಿಯ ದುಡ್ಡು ತೆಗೆದುಕೊಂಡು ಮನೆಗೆ ಹೋದೆ. ಬೆಳಿಗ್ಗೆ ಬಂದು ನಿಮ್ಮದು ತೆಗೆದುಕೊಂಡೆ. ಗೊತ್ತಿದ್ದೇ ತೆಗೆದುಕೊಂಡೆ."

ಬೀಯಮ್ಮ ಮಾವನನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು, ನನ್ನ ಕೈಯನ್ನು ನೋಡಿದಳು. ನಾನು ಸೆರಗಿನಲ್ಲಿ ವಾಚು ಮುಚ್ಚಿಕೊಂಡೆ. ಆಮೇಲೆ ಕೆಳಗೆ ಕೂತು ಗೆರಸೆಯನ್ನು ಮಡಿಲಿಗೆ ಎಳೆದುಕೊಂಡು ಒಂದು ಬೀಡಿ ಕಟ್ಟಿದಳು, ಇನ್ನೊಂದು ಕಟ್ಟಿದಳು.

"ಅವತ್ತು ನೀವು ಕಣ್ಣಿಗೆ ಒತ್ತಿಕೊಳ್ಳಲಿಲ್ಲ" ಎಂದಳು ಕೊನೆಗೆ. "ಅವಸರದಲ್ಲಿ ಮರೆತದ್ದು ಅಂತ ಗ್ರಹಿಸಿದೆ."

ಬೈಗುಳ ಬರುತ್ತದೆಂದು ನಾನು ಕಾದೆ. ಮಾವನೂ ಕಾದರು, ಬೈಗುಳಕ್ಕಾಗಿ ಕೈಯೊಡ್ಡಿ ನಿಂತ ಹಾಗಿದ್ದರು. ಅವಳು ಬೈಯಲಿಲ್ಲ. ಕೈ ಚಾಚಿ, "ಆ ಕಾಗದ ಕೊಡಿ" ಎಂದಳು.

ಮಾವ ಕೊಟ್ಟರು. "ಬೀಯಮ್ಮ, ಈಗ ಸರಕಾರದ ಕಾನೂನು..." ಎಂದು ಶುರು ಮಾಡಿದರು.

"ನಿಮ್ಮ ಬಾಯಿಯಿಂದ ಬೇಡ. ಸುಲೈಮಾನ್ ಓದ್ತಾನೆ. ಸರಕಾರದ್ದು ಸರಿ ಉಂಟು ಅಂತ ಅವನು ಹೇಳಿದರೆ ಹಾಕ್ತೇನೆ. ನನಗೆ ಮಾಡು ಆಗಬೇಕು." ಕಾಗದವನ್ನು ಮಡಚಿ ಗೆರಸೆಯ ಅಡಿಗೆ ಇಟ್ಟಳು. ನಂತರ, ಎಲೆ ಕತ್ತರಿಸುತ್ತಲೇ ಹೇಳಿದಳು: "ಆದರೆ ಬೋಣಿಗೆ ನನ್ನ ಹತ್ತಿರ ಬರಬೇಡಿ. ಎಲ್ಲರದ್ದು ಮುಗಿದ ಮೇಲೆ, ಸಂಜೆಗೆ ಬನ್ನಿ."

ಇಷ್ಟೇ. ರಸ್ತೆಗೆ ಇಳಿದ ಮೇಲೆ ಮಾವ ಕೊಡೆ ಬಿಚ್ಚಲಿಲ್ಲ. ಸೇತುವೆಯ ನಡುವೆ ನಿಂತು ನೀರು ನೋಡಿದರು. "ಅವಳು ಚಪ್ಪಲಿ ತೆಗೆದು ಹೊಡೆದಿದ್ದರೆ ಒಳ್ಳೆಯದಿತ್ತು ಮಗಾ" ಎಂದರು. ನನಗೂ ಹಾಗೇ ಅನಿಸಿತ್ತು. ಆ ದಿನ ಶಾಲೆ ಮುಟ್ಟುವ ಮೊದಲೇ ನಾನು ವಾಚು ಬಿಚ್ಚಿ ಚೀಲಕ್ಕೆ ಹಾಕಿದೆ. ಮತ್ತೆ ಕಟ್ಟಿಕೊಳ್ಳಲಿಲ್ಲ.

ಸುಲೈಮಾನ್ ಓದಿದ, ಅವಳು ಹೊಸ ಕಾರ್ಡು ತೆಗೆದಳು. ಅಲ್ಲಿಂದ ಮುಂದೆ ಮಾವನ ದಿನಚರಿ ಹೀಗಾಯಿತು. ಬೆಳಿಗ್ಗೆ ಬೀಯಮ್ಮನ ಮನೆಯ ಮುಂದೆಯೇ ಖಾಲಿ ಚೀಲ ಹೊತ್ತು ದಾಟಿ ಹೋಗುವುದು. ಪಾಣೆಮಂಗಳೂರು, ಮೆಲ್ಕಾರ್, ಪೇಟೆ ಎಲ್ಲ ತಿರುಗಿ, ಬ್ಯಾಂಕಿಗೆ ಲೆಕ್ಕ ಒಪ್ಪಿಸಿ, ಸಂಜೆ ನಮ್ಮ ಮನೆಯನ್ನು ದಾಟಿ ಮತ್ತೆ ಸೇತುವೆಯವರೆಗೆ ನಡೆಯುವುದು. ಅವಳ ನಾಲ್ಕಾಣೆ ತೆಗೆದುಕೊಂಡು ಅಷ್ಟೂ ದಾರಿ ಹಿಂದೆ ಬರುವುದು. ಮಳೆಗಾಲದಲ್ಲಿ ಅತ್ತೆ, "ನಾಳೆ ಹೋದರಾಗದಾ?" ಎಂದು ಗೊಣಗುತ್ತಿದ್ದರು. ಮಾವ ಲಾಟೀನು ಹಿಡಿದು ಹೊರಡುತ್ತಿದ್ದರು. ಬೋಣಿಯನ್ನು ಯಾರಲ್ಲೂ ಕೇಳಿ ಪಡೆಯಲಿಲ್ಲ. ಮೊದಲು ಯಾರು ಕೊಟ್ಟರೋ ಅವರದ್ದು. ಕಣ್ಣಿಗೆ ಒತ್ತಿಕೊಳ್ಳುವುದನ್ನೂ ಬಿಟ್ಟರು. ತಲೆಯ ಮಾತನ್ನಂತೂ ಅವರ ಬಾಯಲ್ಲಿ ಮತ್ತೆ ನಾನು ಕೇಳಲಿಲ್ಲ.

ಅದರಿಂದ ಅವರ ಮೇಲೆ ಜನರ ವಿಶ್ವಾಸ ನಿಧಾನವಾಗಿ ಹೆಚ್ಚಿತು ಎಂಬುದು ಬೇರೆ ವಿಷಯ. ಕಡಿಮೆ ಮಾತಿನ ಮನುಷ್ಯ, ನಂಬಬಹುದು ಎಂದು ಹೊಸಬರು ಹೇಳುತ್ತಿದ್ದರು. ಮಾವ ಅದನ್ನು ಕೇಳಿ ಮುಖ ತಿರುಗಿಸುತ್ತಿದ್ದರು.

ಅರುವತ್ತೇಳರ ಬೇಸಿಗೆಯಲ್ಲಿ ಬೀಯಮ್ಮನ ಪಿಗ್ಮಿ ಮುಗಿಯಿತು. ಬಡ್ಡಿ ಸೇರಿಸಿ ಪೂರ್ತಿ ದುಡ್ಡು ಬಂತು, ಹಳೇ ಬ್ಯಾಂಕಿನ ಆರಾಣೆಯ ಲೆಕ್ಕದ್ದೂ ಅದರೊಂದಿಗೆ ಸೇರಿತು. ಮಾವನೇ ಬ್ಯಾಂಕಿನಿಂದ ಅವಳ ಜೊತೆಗೆ ನಡೆದು ಬಂದು ಮನೆಯವರೆಗೆ ಬಿಟ್ಟರು. ತಿಂಗಳೊಳಗೆ ಹುಲ್ಲು ಇಳಿದು ಕೆಂಪು ಹಂಚು ಏರಿತು. ಆ ದಿನ ಅವಳು ನಮ್ಮನ್ನೆಲ್ಲ ಕರೆದಿದ್ದಳು. ಅತ್ತೆಗೆ ಎಲೆಅಡಿಕೆ ಕೊಟ್ಟಳು, ಮಾವನಿಗೆ ತಾನೇ ಶರಬತ್ತು ತಂದು ಕೊಟ್ಟಳು. ಮಾವ ಅಂಗಳದಲ್ಲಿ ನಿಂತು ಮಾಡನ್ನು ಈ ತುದಿಯಿಂದ ಆ ತುದಿಯವರೆಗೆ ನೋಡುತ್ತಲೇ ಇದ್ದರು. ಬರುವಾಗ ದಾರಿಯಲ್ಲಿ ಏನೋ ಗುನುಗುತ್ತಿದ್ದರು. ಆರು ವರ್ಷದಲ್ಲಿ ಅದೇ ಮೊದಲು.

ಮರುದಿನ ಬೆಳಿಗ್ಗೆ ಎಂದಿನಂತೆ ಇಬ್ಬರೂ ಹೊರಟೆವು. ಅತ್ತೆ ಅಂಗಿಗೆ ಹೊಸದಾಗಿ ನೀಲಿ ಹಾಕಿದ್ದರು. ಬೀಯಮ್ಮನ ಮನೆ ಹತ್ತಿರ ಬಂದಾಗ ಮಾವನ ಹೆಜ್ಜೆ ನಿಧಾನವಾಯಿತು. ಹೊಸ ಹಂಚಿನ ಕೆಳಗೆ ಅವಳು ಗೆರಸೆ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು; ಪಕ್ಕದಲ್ಲಿ ಮುಂದಿನ ಪಿಗ್ಮಿಯ ಹೊಸ ಕಾರ್ಡು ಇತ್ತು. ಮಾವ ಅಂಗಳದ ತುದಿಯಲ್ಲಿ ನಿಂತರು. ಹೆಗಲಿನಿಂದ ಚೀಲ ಇಳಿಸಿ ಅದರ ಬಾಯಿ ಬಿಚ್ಚಿದರು. ಹಿಂದೆ ಅವಳು ಮೀನಿಗೆ ಹೋದಾಗ ಕಾಯುತ್ತಿದ್ದರಲ್ಲ, ಅದೇ ಆಸೆಯ ಮುಖ.

ಬೀಯಮ್ಮ ಗೆರಸೆಯಿಂದ ಕಣ್ಣು ಎತ್ತಲಿಲ್ಲ. ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ಸಂಜೆಗೆ, ಮುಂಡಪ್ಪಣ್ಣ" ಎಂದಳು.